‘ಬದಲಿ ಬೇಡ’ ಎಂದು ಬರೆದ ಮೂರು ಪತ್ರಗಳು

ಬಡ್ತಿ ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ನಾನು ಅಲ್ಲಿಗೆ ಹೋಗಿ ಓದಬೇಕಾಗಿರಲಿಲ್ಲ. ಮುಖ್ಯ ಕಚೇರಿಯಿಂದ ಬಂದ ಆ ಲಕೋಟೆಯನ್ನು ಬೆಳಿಗ್ಗೆ ಒಡೆದು, ಶಿಕ್ಕಾ ಹೊಡೆದು, ನಂಬರು ಕೊಟ್ಟವಳು ನಾನೇ. ಚಿಕ್ಕೋಡಿಯ ಹೊರಗಿದ್ದ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರದಲ್ಲಿ ನನ್ನದು ಆವಕ-ಜಾವಕದ ಮೇಜು. ಬರುವ ಟಪಾಲು, ಹೋಗುವ ಟಪಾಲು ಎಲ್ಲವೂ ನನ್ನ ಕೈ ದಾಟಬೇಕು. ದ್ವಿತೀಯ ದರ್ಜೆ ಸಹಾಯಕರಿಂದ ಪ್ರಥಮ ದರ್ಜೆಗೆ ಏರಿದವರ ಹೆಸರುಗಳು ಆ ಪಟ್ಟಿಯಲ್ಲಿದ್ದವು. ನಮ್ಮ ಮೂವರ ಹೆಸರು ಇರಲಿಲ್ಲ.

ಮೂವರೆಂದರೆ ನಾನು, ಪರೀಕ್ಷಾ ವಿಭಾಗದಲ್ಲಿದ್ದ ಐಗಳಿಯ ಗೆಳತಿ, ಗ್ರಂಥಾಲಯದಲ್ಲಿದ್ದ ಕರೋಶಿಯ ಕಾಕಾ. ಮೂವರೂ ಬೌದ್ಧರ ಮನೆಯವರು, ಪರಿಶಿಷ್ಟ ಜಾತಿಯ ಜ್ಯೇಷ್ಠತಾ ಪಟ್ಟಿಯಲ್ಲಿ ಮೊದಲ ಮೂರು ಹೆಸರು. ಬಡ್ತಿಯಲ್ಲಿ ಎಷ್ಟನೆಯ ಸ್ಥಾನ ಯಾವ ವರ್ಗಕ್ಕೆ ಎಂದು ಸಾಲಾಗಿ ಬರೆದಿಡುವ ರೋಸ್ಟರ್ ವಹಿ ಅಂತ ಒಂದಿರುತ್ತದೆ. ಅದರ ಪ್ರಕಾರ ಈ ಸಲ ನಮ್ಮ ಸರದಿ ಎಂದು ವರ್ಷದಿಂದ ಕಾಯುತ್ತಿದ್ದೆವು. ಪಟ್ಟಿಯಲ್ಲಿ ಇದ್ದದ್ದು ನನಗಿಂತ ಏಳು ವರ್ಷ ತಡವಾಗಿ ಸೇರಿದವನ ಹೆಸರು. ಜಾವಕ ವಹಿಗೆ ಗೆರೆ ಹೊಡೆಯುವುದನ್ನೂ ಅವನಿಗೆ ನಾನೇ ಕಲಿಸಿದ್ದೆ.

ಕಾಕಾ ಫಲಕದ ಮುಂದೆ ನಿಂತು ಒಂದೊಂದೇ ಹೆಸರಿನ ಕೆಳಗೆ ಬೆರಳಿಟ್ಟು ಓದುತ್ತಿದ್ದರು.

“ನನ್ನ ಹೆಸರ ಇಲ್ಲಲಾ ಮಗಳ?”

“ಇಲ್ರಿ ಕಾಕಾ.”

“ಇನ್ನೊಮ್ಮೆ ನೋಡ. ಮರಾಠಿ ಶಾಳಾ ಕಲತಾಂವ ನಾ. ಕನ್ನಡ ಅಕ್ಷರ ನನಗ ತಪ್ಪತಾವ.”

ಇನ್ನೊಮ್ಮೆ ನೋಡಿದೆ. ಕಾಕಾ ಜವಾನರಾಗಿ ಸೇರಿದವರು. ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವರೂ ಅವರನ್ನು ಏಕವಚನದಲ್ಲಿ ಕರೆಯುತ್ತಿದ್ದರು. ನಿವೃತ್ತಿಗೆ ಹದಿನೈದು ತಿಂಗಳು ಉಳಿದಿತ್ತು. ನಿವೃತ್ತಿಯ ಆದೇಶದಲ್ಲಿ ತಮ್ಮ ಹೆಸರಿನ ಕೆಳಗೆ ‘ಪ್ರಥಮ ದರ್ಜೆ ಸಹಾಯಕರು’ ಎಂದು ಬರೆದಿರಬೇಕು ಎನ್ನುವುದೊಂದೇ ಅವರ ಆಸೆ. ಅದನ್ನು ಮುಚ್ಚಿಟ್ಟವರೂ ಅಲ್ಲ, ಗ್ರಂಥಾಲಯಕ್ಕೆ ಬಂದ ಹುಡುಗರಿಗೂ ಹೇಳುತ್ತಿದ್ದರು.

ಮಾಹಿತಿ ಹಕ್ಕು ಕಾಯ್ದೆ ಬಂದು ಆಗ ನಾಲ್ಕೈದು ವರ್ಷವಾಗಿತ್ತು. ನಮ್ಮ ಕಡೆ ಜನ ಅದನ್ನು ಬಳಸುತ್ತಿದ್ದದ್ದು ರಸ್ತೆ, ಪಡಿತರ, ಪಹಣಿಯ ವಿಚಾರಕ್ಕೆ. ಸ್ವಂತ ಕಚೇರಿಯ ಮೇಲೆಯೇ ಅರ್ಜಿ ಹಾಕಿದ ನೌಕರಳನ್ನು ನಮ್ಮ ಕೇಂದ್ರ ಕಂಡಿರಲಿಲ್ಲ. ನಾನು ಹಾಕಿದೆ. ಹತ್ತು ವರ್ಷಗಳ ಬಡ್ತಿಯಲ್ಲಿ ವರ್ಗವಾರು ಎಷ್ಟು ಜನ, ಹೆಣ್ಣುಮಕ್ಕಳು ಎಷ್ಟು, ರೋಸ್ಟರ್ ವಹಿಯ ನಕಲು, ಬಡ್ತಿ ಸಮಿತಿಯ ನಡಾವಳಿ, ಮೀಸಲು ಸ್ಥಾನ ಖಾಲಿ ಬಿಟ್ಟಿದ್ದರೆ ಅದರ ಕಾರಣ. ಪೋಸ್ಟಲ್ ಆರ್ಡರ್ ಲಗತ್ತಿಸಿ, ಕೇಂದ್ರದ ಮೂಲಕವೇ ಮುಖ್ಯ ಕಚೇರಿಯ ಮಾಹಿತಿ ಅಧಿಕಾರಿಗೆ ಕಳಿಸಬೇಕು. ನನ್ನ ಅರ್ಜಿಗೆ ನಾನೇ ಶಿಕ್ಕಾ ಹೊಡೆದು, ಸೂಪರಿಂಟೆಂಡೆಂಟರ ಮೇಜಿನ ಮೇಲೆ ಇಟ್ಟೆ.

ಅವರು ಓದಿದರು. ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಏನವಾ, ನಿನ್ನ ಅರ್ಜಿಗೆ ನೀನ ಶಿಕ್ಕಾ ಹೊಡಕೊಂಡಿಯಲಾ?”

“ಆವಕ ನಂದರಿ ಸಾಹೇಬ್ರ. ನೀವು ಹೊಡಿತೀನಿ ಅಂದ್ರ ಹೊಡೀರಿ, ಕೊಡತೇನಿ.”

“ಉಂಡ ಮನೀ ಗ್ವಾಡಿಗೆ ಕಿಂಡಿ ಕೊರ್ಯಾಕ ನಿಂತೀರಿ. ಆಗಲಿ, ಕೊರೀರಿ.”

ಉಂಡ ಮನೆಯಂತೆ! ಹನ್ನೊಂದು ವರ್ಷ ದುಡಿದು ಉಂಡಿದ್ದೆ, ಯಾರೂ ಬಡಿಸಿರಲಿಲ್ಲ. ಇದನ್ನು ಅವರ ಮುಖಕ್ಕೇ ಹೇಳಿದೆ. ಆ ಕ್ಷಣ ಹಿತವಾಗಿತ್ತು. ಆಮೇಲಿನ ಹದಿನೈದು ತಿಂಗಳು ಅದಕ್ಕೆ ಸರಿಯಾಗಿ ಅನುಭವಿಸಿದೆ.

ಇಪ್ಪತ್ತೆಂಟನೇ ದಿನ ಅರ್ಜಿ ವಾಪಸು ಬಂತು. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ನೂರೈವತ್ತು ಪದ ಮೀರಬಾರದು, ನಿಮ್ಮದರಲ್ಲಿ ಐದು ವಿಷಯಗಳಿವೆ. ನಿಯಮ ಇದ್ದದ್ದು ನಿಜ, ನಾನು ಓದಿರಲಿಲ್ಲ. ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎನ್ನುವ ಜಂಬ ನನಗೆ ಮೊದಲಿಂದಲೂ ಇತ್ತು, ಅದಕ್ಕೆ ಮೊದಲ ಪೆಟ್ಟು ಬಿತ್ತು. ಪದ ಎಣಿಸುತ್ತ ಹೊಸದಾಗಿ ಬರೆದೆ. ‘ದಯವಿಟ್ಟು’ ತೆಗೆದೆ, ‘ಮಾನ್ಯರಲ್ಲಿ ವಿನಂತಿ’ ತೆಗೆದೆ. ಮರ್ಯಾದೆ ತೆಗೆದಷ್ಟೂ ಅರ್ಜಿ ಚೊಕ್ಕವಾಯಿತು. ಸಮಿತಿಯ ನಡಾವಳಿಯ ನಕಲು ಒಂದನ್ನೇ ಕೇಳಿದೆ. ಮತ್ತೆ ಒಂದು ತಿಂಗಳಿಗೆ ಒಂದೂವರೆ ಸಾಲಿನ ಉತ್ತರ ಬಂತು: ಕೋರಿದ ಮಾಹಿತಿಯು ಮೂರನೇ ವ್ಯಕ್ತಿಗಳ ವೈಯಕ್ತಿಕ ವಿವರಗಳನ್ನು ಒಳಗೊಂಡಿರುವುದರಿಂದ ನೀಡಲು ಬರುವುದಿಲ್ಲ.

ಅಷ್ಟರಲ್ಲಿ ನನ್ನ ಮೇಜು ಹೋಗಿತ್ತು. ‘ಆಡಳಿತದ ಹಿತದೃಷ್ಟಿಯಿಂದ’ ನನ್ನನ್ನು ಹಳೆಯ ದಾಖಲೆಗಳ ಕೋಣೆಗೆ ಹಾಕಿದರು. ಅಲ್ಲಿ ಇದ್ದದ್ದು ಗೆದ್ದಲು, ಒಂದು ಬಲ್ಬು, ಕೂತರೆ ಕಿರ್ರೆನ್ನುವ ಕುರ್ಚಿ. ಹತ್ತು ನಿಮಿಷ ತಡವಾಗಿದ್ದಕ್ಕೆ ಮೆಮೊ, ನೀರು ಕುಡಿಯಲು ಎದ್ದಿದ್ದಕ್ಕೆ ಮೆಮೊ. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಸುತ್ತ ಇದ್ದವರು ತಮ್ಮ ಡಬ್ಬಿ ಮುಚ್ಚಿಕೊಂಡು ಎದ್ದು ಹೋಗುವರು. ಬಡ್ತಿ ಪಡೆದವನು ಒಂದು ದಿನ ಕೋಣೆಯ ಬಾಗಿಲಲ್ಲಿ ನಿಂತ.

“ಬಾಯಾರ, ನಾ ಏನ್ ಮಾಡೀನ್ರಿ ನಿಮಗ? ನನ್ನ ಆರ್ಡರ್ ರದ್ದ ಆಗಲಿ ಅಂತ ಹಿಂದ ಬಿದ್ದೀರೇನು?”

“ನಿನ್ನ ಆರ್ಡರ್ ನನಗ್ಯಾಕ? ನಂದು ಎಲ್ಲಿ ಹೋತು ಅಂತ ಹುಡುಕಾಕತ್ತೀನಿ.”

“ನೀವು ಹುಡುಕಿದ್ರ ಹೋಗೂದು ನಂದ ಐತಿ.”

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ನನಗೆ ಅವನ ಮೇಲೆ ಕರುಣೆ ಬರಲಿಲ್ಲ, ಬಂದಿತ್ತು ಎಂದು ಈಗ ಬರೆದರೆ ಅದು ಬೂಟಾಟಿಕೆಯಾದೀತು.

ಮೊದಲ ಮೇಲ್ಮನವಿಯನ್ನು ಕುಲಸಚಿವರು ವಿಚಾರಣೆ ಮಾಡಬೇಕು. ಅದಕ್ಕೆ ಮುಖ್ಯ ಕಚೇರಿಗೆ ಮೂರು ತಾಸಿನ ಬಸ್ಸು. ಕುಲಸಚಿವರು ದಕ್ಷಿಣದ ಜಿಲ್ಲೆಯವರು, ಮಾತು ಬಹಳ ಶುದ್ಧ, ಮುಖ ಬಹಳ ಗಂಟು.

“ನೋಡಿ ಮೇಡಂ, ನಿಮಗೆ ಬೇಕಾಗಿರುವುದು ಬಡ್ತಿಯೋ ಮಾಹಿತಿಯೋ?”

“ಮಾಹಿತಿ ಸಿಕ್ಕರ ಬಡ್ತಿ ಯಾಕ ಇಲ್ಲ ಅನ್ನೂದು ತಿಳೀತೈತ್ರಿ.”

“ಅಂದರೆ ನೀವು ವಿಶ್ವವಿದ್ಯಾಲಯವನ್ನು ಅನುಮಾನಿಸುತ್ತಿದ್ದೀರಿ.”

“ಹೌದ್ರಿ.”

ಅವರು ಇಂಥ ಉತ್ತರ ನಿರೀಕ್ಷಿಸಿರಲಿಲ್ಲ. ಹೆಸರು ಕೊಡಲಾಗದು, ಕಾರಣ ಮಾತ್ರ ಕೊಡಬಹುದು ಎಂದು ಆದೇಶ ಮಾಡಿದರು. ಎರಡು ವಾರಕ್ಕೆ ಕಾರಣ ಬಂತು: ‘ಪರಿಶಿಷ್ಟ ಜಾತಿಗೆ ಮೀಸಲಾದ ಸ್ಥಾನಗಳಿಗೆ ಅರ್ಹರಾಗಿದ್ದ ಮೂವರು ನೌಕರರು ಲಿಖಿತವಾಗಿ ಬಡ್ತಿಯನ್ನು ನಿರಾಕರಿಸಿರುವುದರಿಂದ ಸದರಿ ಸ್ಥಾನಗಳನ್ನು ಇತರರಿಂದ ಭರ್ತಿ ಮಾಡಲಾಗಿದೆ.’

ಮೂವರು. ಲಿಖಿತವಾಗಿ. ನಾನಂತೂ ನಿರಾಕರಿಸಿರಲಿಲ್ಲ. ಹಾಗಾದರೆ ಸುಳ್ಳು ಹೇಳುತ್ತಿರುವುದು ಕಚೇರಿಯೋ, ಉಳಿದ ಇಬ್ಬರೋ?

ಈ ಭಾಗ ಬರೆಯಲು ನಾಚಿಕೆಯಾಗುತ್ತದೆ. ಆ ಒಂದು ಸಾಲು ನಮ್ಮೊಳಗೇ ಹುಳ ಬಿಟ್ಟಿತು. ಯಾರಾದರೂ ಒಬ್ಬರು ಸಾಹೇಬರ ಮಾತಿಗೆ ಮರುಳಾಗಿ ಬರೆದುಕೊಟ್ಟಿದ್ದಾರೆ, ಅದಕ್ಕೇ ಮೂವರದೂ ಮುಳುಗಿದೆ ಎಂದು ನಾನು ಅಂದುಕೊಂಡೆ. ಗೆಳತಿ ಅದನ್ನೇ ನನ್ನ ಬಗ್ಗೆ ಅಂದುಕೊಂಡಳು. ಅವಳು ಮನಸ್ಸಿನಲ್ಲಿ ಇಟ್ಟುಕೊಳ್ಳುವವಳಲ್ಲ.

“ಅಕ್ಕಾ, ಖರೇ ಹೇಳ. ಆವಕ-ಜಾವಕ ನಿನ್ನ ಕೈಯಾಗಿತ್ತು. ಇಂಥಾ ಕಾಗದ ಹೋಗಿದ್ರ ನಿನಗ ಗೊತ್ತಿಲ್ಲದ ಹೋಗಾಕ ಸಾಧ್ಯ ಐತೇನು?”

“ನನ್ನ ಮ್ಯಾಲೇನ ಸಂಶೇ ಮಾಡ್ತೀಯಲ್ಲೇ?”

“ಯಾರ ಮ್ಯಾಲ ಮಾಡ್ಲಿ? ಕಾಕಾಗ ಕನ್ನಡ ಬರೀಲಿಕ್ಕ ಬರಂಗಿಲ್ಲ. ನಾ ಬರದಿಲ್ಲ.”

ಒಂದೂವರೆ ತಿಂಗಳು ನಾವು ಮಾತಾಡಲಿಲ್ಲ. ಆ ನಡುವೆ ಕಾಕಾನ ಹೆಂಡತಿ ತೀರಿಕೊಂಡರು. ಪಾರ್ಶ್ವವಾಯು ಹೊಡೆದು ನಾಲ್ಕು ವರ್ಷ ಹಾಸಿಗೆಯಲ್ಲಿದ್ದವರು. ಕಾಕಾ ದಿನಾ ಅವರಿಗೆ ಉಣಿಸಿ ಕಚೇರಿಗೆ ಬರುತ್ತಿದ್ದರು. ಕರೋಶಿಗೆ ಮಣ್ಣಿಗೆ ಹೋದಾಗ ಗೆಳತಿಯೂ ನಾನೂ ಬೇರೆ ಬೇರೆ ಮೂಲೆಯಲ್ಲಿ ನಿಂತಿದ್ದೆವು. ವಾಪಸು ಬರಲು ಒಂದೇ ಟಂಟಂ ಆಟೊ ಸಿಕ್ಕಿತು, ಪಕ್ಕಪಕ್ಕ ಕೂರಲೇಬೇಕಾಯಿತು. ಚಿಕ್ಕೋಡಿ ಬಸ್ ನಿಲ್ದಾಣ ಬರುವಷ್ಟರಲ್ಲಿ ಚೆನ್ನಾಗಿ ಜಗಳವಾಡಿ ಮುಗಿಸಿದ್ದೆವು.

ಜಗಳದ ನಡುವೆ ಅವಳು ಅಂದ ಒಂದು ಮಾತೇ ದಾರಿ ತೋರಿಸಿದ್ದು. “ನನ್ನ ಫೈಲ್ ನಾ ನೋಡಾಕ ನಾನೂ ಮೂರನೇದಾಕಿನ ಏನು?” ಬೆಂಗಳೂರಿನ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಹಾಕಬೇಕೆಂದು ನಾನು ಕಾಗದ ಸಿದ್ಧ ಮಾಡಿಟ್ಟಿದ್ದೆ. ಅಲ್ಲಿ ಸರದಿ ಬರುವುದರೊಳಗೆ ಕಾಕಾ ಮನೆಯಲ್ಲಿ ಕೂತಿರುತ್ತಾರೆ. ಆ ಕಾಗದವನ್ನು ಬದಿಗಿಟ್ಟೆ. ಬಡ್ತಿಯಲ್ಲಿ ಯಾವ ವರ್ಗಕ್ಕೆ ಎಷ್ಟು ಎಂಬ ದೊಡ್ಡ ಪ್ರಶ್ನೆಯನ್ನೂ ಸದ್ಯಕ್ಕೆ ಬಿಟ್ಟೆ, ಬಿಡಲು ಸಂಕಟವಾಯಿತು. ಮೂವರೂ ಬೇರೆ ಬೇರೆ ಅರ್ಜಿ ಹಾಕಿದೆವು. ಪ್ರತಿಯೊಬ್ಬರೂ ಕೇಳಿದ್ದು ತಮ್ಮ ವೈಯಕ್ತಿಕ ಕಡತವೊಂದನ್ನೇ, ಅದೂ ನಕಲಲ್ಲ, ಖುದ್ದಾಗಿ ನೋಡಲು ಅವಕಾಶ. ಮೂರನೇ ವ್ಯಕ್ತಿ ಎಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ. ಇಪ್ಪತ್ತೊಂಬತ್ತನೇ ದಿನ ಒಪ್ಪಿಗೆ ಬಂತು.

ಮುಖ್ಯ ಕಚೇರಿಯ ಸಿಬ್ಬಂದಿ ಶಾಖೆಯಲ್ಲಿ ನಮಗೆ ಒಂದು ಬೆಂಚು, ಒಂದು ತಾಸು ಕೊಟ್ಟರು. ಪೆನ್ನು ತೆಗೆದುಕೊಂಡರು, ಪೆನ್ಸಿಲ್ಲಿಗೆ ಮಾತ್ರ ಅನುಮತಿ. ಶಾಖೆಯ ಗುಮಾಸ್ತ ಮೂರು ಕಡತಗಳನ್ನು ಮೇಜಿನ ಮೇಲೆ ಕುಕ್ಕಿ ಎದುರಿಗೇ ಕುರ್ಚಿ ಹಾಕಿಕೊಂಡು ಕೂತ. ನಾನು ನನ್ನದನ್ನು ಹಿಂದಿನಿಂದ ತಿರುವಿದೆ, ಗೆಳತಿ ಮುಂದಿನಿಂದ.

ಅವಳೇ ಮೊದಲು ಕಂಡದ್ದು. ಕಡತವನ್ನು ನನ್ನ ಕಡೆ ಸರಿಸಿದಳು.

ಪತ್ರ ಅವಳ ಹೆಸರಿನಲ್ಲಿತ್ತು, ಸಹಿ ಅವಳದು. ಅಕ್ಷರ ನನ್ನದು.

ಆಗ ನೆನಪಾಯಿತು. ಮೂರು ವರ್ಷಗಳ ಹಿಂದೆ ಒಂದು ಸುತ್ತೋಲೆ ಬಂದಿತ್ತು. ಬಡ್ತಿ ಹೊಂದುವವರನ್ನು ಮುಖ್ಯ ಕಚೇರಿಗೆ ಹಾಕಬಹುದು, ನಿಮ್ಮ ಅಭಿಪ್ರಾಯ ತಿಳಿಸಿ ಎಂದು. ನನ್ನ ಮಗಳು ಆ ವರ್ಷ ಹತ್ತನೇ ತರಗತಿ. ಗೆಳತಿ ಬಾಣಂತಿ. ಕಾಕಾನ ಮನೆಯಲ್ಲಿ ಹಾಸಿಗೆ ಹಿಡಿದ ಹೆಂಡತಿ. ಮೂವರ ಪರವಾಗಿ ನಾನೇ ಬರೆದಿದ್ದೆ, ದುಂಡಗೆ, ಒಂದೇ ನಮೂನೆಯಲ್ಲಿ. ಸುತ್ತೋಲೆಯಲ್ಲಿದ್ದ ಹಾಗೇ ‘ವಿಷಯ: ಬಡ್ತಿ ಕುರಿತು’ ಎಂದು ಮೇಲೆ ಹಾಕಿದ್ದೆ. ಕೆಳಗೆ ಒಂದೇ ಸಾಲು: ‘ಮನೆಯ ಅಡಚಣೆಯ ಕಾರಣ ನನಗೆ ಬದಲಿ ಬೇಡ.’

ನಮ್ಮ ಕಡೆ ಬದಲಿ ಎಂದರೆ ವರ್ಗಾವಣೆ. ನಿಪ್ಪಾಣಿಯಿಂದ ಅಥಣಿಯವರೆಗೆ ಯಾವ ಕಂಡಕ್ಟರನ್ನು, ಯಾವ ಮಾಸ್ತರರನ್ನು ಕೇಳಿದರೂ ಅದೇ ಹೇಳುತ್ತಾರೆ. ಮಾಸ್ತರರ ಬದಲಿ ಆತು, ಪಿಎಸ್‌ಐ ಬದಲಿ ಆತು. ಆ ಶಬ್ದಕ್ಕೆ ಬೇರೆ ಅರ್ಥ ಇದ್ದೀತು ಎಂದು ನನ್ನ ತಲೆಗೆ ಬಂದೇ ಇರಲಿಲ್ಲ. ಪತ್ರದ ಹಿಂದೆ ಟಿಪ್ಪಣಿ ಹಾಳೆ ಇತ್ತು: ‘ಸದರಿಯವರು ಬಡ್ತಿ ಕುರಿತು ಯಾವುದೇ ಬದಲಾವಣೆ ಬೇಡವೆಂದು ತಿಳಿಸಿದ್ದು, ಬಡ್ತಿ ನಿರಾಕರಿಸಿದ್ದಾರೆಂದು ಪರಿಗಣಿಸಬಹುದು.’ ಅದರ ಕೆಳಗೆ ಕುಲಸಚಿವರ ಹಸಿರು ಶಾಯಿ: ‘ಒಪ್ಪಿದೆ.’

ಕಾಕಾ ತಮ್ಮ ಕಡತದಲ್ಲಿದ್ದ ಪತ್ರವನ್ನೂ ನನ್ನ ಮುಖವನ್ನೂ ನೋಡುತ್ತಿದ್ದರು.

“ಏನ ಬರದೈತಿ ಮಗಳ ಇದ್ರಾಗ?”

ಓದಿ ಹೇಳಿದೆ. ಟಿಪ್ಪಣಿಯನ್ನೂ ಓದಿದೆ.

“ಅಂದ್ರ ನಾವ ಬ್ಯಾಡ ಅಂದೀವಿ ಅಂತ ಆತು.”

“ಹಂಗ ಅವರು ತಿಳಕೊಂಡಾರ್ರಿ ಕಾಕಾ.”

“ನೀ ಬರದಿ. ನಾ ಸಹಿ ಹಾಕೀನಿ,” ಎಂದರು. ಬೈಗುಳವಲ್ಲ, ಲೆಕ್ಕ ಒಪ್ಪಿಸಿದ ಹಾಗೆ. ವಾಪಸು ಬರುವಾಗ ಬಸ್ಸಿನಲ್ಲಿ ಅವರು ಬೇರೆ ಸೀಟಿನಲ್ಲಿ ಕೂತರು.

ಮರುವಾರ ಕುಲಸಚಿವರ ಮುಂದೆ ಮನವಿ ಹಿಡಿದು ನಿಂತೆ. ಅವರು ಮೇಜಿನ ಮೇಲೆ ನಿಘಂಟು ತರಿಸಿ ಇಟ್ಟುಕೊಂಡಿದ್ದರು.

“ಬದಲಿ: ಒಂದರ ಸ್ಥಾನದಲ್ಲಿ ಮತ್ತೊಂದು. ಬದಲಾವಣೆ. ನಿಮ್ಮ ಆಡುಮಾತನ್ನು ಊಹಿಸಿಕೊಂಡು ಆಡಳಿತ ನಡೆಸಲಾಗದು ಮೇಡಂ. ವರ್ಗಾವಣೆ ಎನ್ನುವ ಶಬ್ದ ನಿಮಗೆ ಗೊತ್ತಿಲ್ಲವೆ?”

“ಗೊತ್ತೈತ್ರಿ. ನಿಮಗ ನಮ್ಮ ಶಬ್ದ ಗೊತ್ತಿಲ್ಲ ಅನ್ನೂದು ಗೊತ್ತಿರಲಿಲ್ರಿ.”

“ಈ ಧಾಟಿಯೇ ನಿಮಗೆ ಮುಳುವಾಗುತ್ತದೆ.”

ಮನವಿ ತಿರಸ್ಕೃತವಾಯಿತು. ಆದರೆ ಬಸ್ಸಿನಲ್ಲಿ ಬರುವಾಗ, ಸಿಟ್ಟಿನಲ್ಲಿ ಹಲ್ಲು ಕಡಿಯುತ್ತ ಕೂತಾಗ, ಜಾವಕ ವಹಿಯ ಒಂದು ಪುಟ ಕಣ್ಣಿಗೆ ಕಟ್ಟಿತು. ಹಿಂದೊಮ್ಮೆ ನಮ್ಮ ಸೂಪರಿಂಟೆಂಡೆಂಟರನ್ನು ಬಡ್ತಿಯ ಜೊತೆಗೆ ಮುಖ್ಯ ಕಚೇರಿಗೆ ಹಾಕಿದ್ದರು. ಅವರು ಅದೇ ಕುಲಸಚಿವರಿಗೆ ಪತ್ರ ಬರೆದಿದ್ದರು. ಅದನ್ನು ಕಳಿಸಿದವಳು ನಾನು. ವಿಷಯದ ಕಾಲಮಿನಲ್ಲಿ ಅವರು ಹೇಳಿದ ಹಾಗೇ ಬರೆದಿದ್ದೆ: ‘ಬದಲಿ ಬೇಡ ಎಂಬ ಬಗ್ಗೆ.’ ತಿಂಗಳೊಳಗೆ ಉತ್ತರವೂ ಬಂದಿತ್ತು, ಅವರ ವರ್ಗಾವಣೆ ರದ್ದು. ಬಡ್ತಿಯನ್ನು ಯಾರೂ ಮುಟ್ಟಿರಲಿಲ್ಲ.

ಆ ಹಳೆಯ ವಹಿ ನಾನು ಕೂರುತ್ತಿದ್ದ ಕೋಣೆಯಲ್ಲೇ ಇತ್ತು, ಕಿರ್ರೆನ್ನುವ ಕುರ್ಚಿಯಿಂದ ನಾಲ್ಕು ಹೆಜ್ಜೆ.

“ಪಾನ ಹರ್ಕೊಂಡ ಬಾ ಅಕ್ಕಾ, ಯಾರ ನೋಡ್ತಾರ?” ಎಂದಳು ಗೆಳತಿ.

ಮನಸ್ಸಾಯಿತು. ಆದರೆ ಕದ್ದ ಪುಟ ನಮಗೇ ಉರುಲಾಗುತ್ತದೆ, ಅವರು ಕಾಯುತ್ತಿದ್ದದ್ದೇ ಅದಕ್ಕೆ. ಮತ್ತೆ ಅರ್ಜಿ ಬರೆದೆ. ವಹಿಯ ಸಂಖ್ಯೆ, ಪುಟ ಸಂಖ್ಯೆ, ಜಾವಕ ಸಂಖ್ಯೆ, ಉತ್ತರ ಬಂದ ಆವಕ ಸಂಖ್ಯೆ ಎಲ್ಲ ಕೊಟ್ಟು ಆ ಪುಟದ್ದೂ ಆ ಉತ್ತರದ್ದೂ ದೃಢೀಕೃತ ನಕಲು ಕೇಳಿದೆ. ಇಡೀ ಅರ್ಜಿ ನಲವತ್ತು ಪದ ದಾಟಲಿಲ್ಲ. ಸೂಪರಿಂಟೆಂಡೆಂಟ್ ಅದನ್ನು ಹಿಡಿದುಕೊಂಡು ದಾಖಲೆ ಕೋಣೆಗೇ ಬಂದರು.

“ಇದರಾಗ ನನ್ನನ್ನ ಯಾಕ ಎಳೀತಿ?”

“ನೀವು ಬರದ ಮಾತು, ನಾವು ಬರದ ಮಾತು ಒಂದ ಐತ್ರಿ ಸಾಹೇಬ್ರ. ನಿಮಗ ಒಂದ ಅರ್ಥ, ನಮಗೊಂದ ಅರ್ಥ ಯಾಕಾತು ಅಂತ ಕೇಳಾಕತ್ತೀನಿ.”

“ಧರ್ಮಾನ ಬದಲಿ ಮಾಡಕೊಂಡವ್ರು ನೀವು. ನಿಮಗ ಯಾವ ಅರ್ಥ ಆದ್ರೇನು?”

ಇದನ್ನು ಅವರು ಮೆಲ್ಲಗೆ ಹೇಳಿದರು, ಬಾಗಿಲ ಕಡೆ ನೋಡಿ. ನಾನು ಆ ಮಾತನ್ನೂ ದಿನಾಂಕವನ್ನೂ ಅವರ ಎದುರಿಗೇ ಬರೆದುಕೊಂಡೆ. ಅವರು ಹೋದ ಮೇಲೆ ನೋಡಿದರೆ ಅಕ್ಷರ ದುಂಡಗಿರಲಿಲ್ಲ. ಅವರು ನಕಲು ಕೊಡಲೇಬೇಕಾಯಿತು, ಅಷ್ಟು ನಂಬರು ಕೊಟ್ಟ ಮೇಲೆ ವಹಿ ಸಿಗಲಿಲ್ಲ ಎನ್ನುವ ಧೈರ್ಯ ಅವರಿಗಿರಲಿಲ್ಲ.

ಎರಡು ನಕಲುಗಳನ್ನು, ನಮ್ಮ ಮೂರು ಪತ್ರಗಳಿಂದ ಅಂದು ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದ ಪ್ರತಿಯ ಜೊತೆ ಪಿನ್ನು ಹಾಕಿ ಕುಲಸಚಿವರಿಗೆ ಕಳಿಸಿದೆ. ಸೂಪರಿಂಟೆಂಡೆಂಟರಿಗೆ ಹೋದ ಉತ್ತರದಲ್ಲೂ ನಮ್ಮ ಟಿಪ್ಪಣಿ ಹಾಳೆಯಲ್ಲೂ ಇದ್ದದ್ದು ಅವರದೇ ಸಹಿ. ಈ ಸಲ ನಿಘಂಟು ಹೊರಗೆ ಬರಲಿಲ್ಲ. ಬಡ್ತಿ ಸಮಿತಿ ಮರುಪರಿಶೀಲನೆಗೆ ಕೂರುತ್ತದೆ ಎಂದು ಪತ್ರ ಬಂತು. ಆಗ ಕಾಕಾನ ನಿವೃತ್ತಿಗೆ ಎರಡೂವರೆ ತಿಂಗಳು ಉಳಿದಿತ್ತು. ಸಭೆಯನ್ನು ಮೂರು ಸಲ ಮುಂದೂಡಿದರು. ಒಮ್ಮೆ ಸದಸ್ಯರಿಲ್ಲ, ಒಮ್ಮೆ ಘಟಿಕೋತ್ಸವ, ಒಮ್ಮೆ ಕಾರಣವನ್ನೇ ಬರೆದಿರಲಿಲ್ಲ. ನಾನು ನೆನಪೋಲೆ ಬರೆಯುತ್ತಲೇ ಇದ್ದೆ. ಕಾಕಾ ಶಾಲು, ಹಾರ ಹಾಕಿಸಿಕೊಂಡು ದ್ವಿತೀಯ ದರ್ಜೆಯಲ್ಲೇ ನಿವೃತ್ತರಾದರು. ಅವರಿಗೆ ಹಾರ ಹಾಕಿದ್ದು ಸೂಪರಿಂಟೆಂಡೆಂಟ್.

ಹದಿನಾರು ದಿನಗಳ ನಂತರ ಸಭೆ ನಡೆಯಿತು. ನನಗೂ ಗೆಳತಿಗೂ ಬಡ್ತಿ ಬಂತು, ಮುಖ್ಯ ಕಚೇರಿಗೆ ವರ್ಗಾವಣೆಯ ಜೊತೆಗೆ. ಮೂರನೇ ಹೆಸರಿನ ಮುಂದೆ ಬರೆದಿದ್ದರು: ‘ನಿವೃತ್ತರಾಗಿರುವುದರಿಂದ ಪ್ರಶ್ನೆ ಉದ್ಭವಿಸುವುದಿಲ್ಲ.’

ಆದೇಶದ ನಕಲನ್ನೂ ಒಂದು ಮೇಲ್ಮನವಿಯನ್ನೂ ಹಿಡಿದು ಕರೋಶಿಗೆ ಹೋದೆ. ಹಿಂದಿನ ದಿನಾಂಕದಿಂದ ಬಡ್ತಿ ಕೊಡಬೇಕೆಂದು ನಾಲ್ಕು ಪುಟ ಬರೆದಿದ್ದೆ, ಚೆನ್ನಾಗಿಯೇ ಬರೆದಿದ್ದೆ. ಸಹಿಗೆ ಜಾಗ ಬಿಟ್ಟು ಪೆನ್ನಿನಿಂದ ಗುರುತು ಮಾಡಿದ್ದೆ. ಕಾಕಾ ಚಹಾ ಕೊಟ್ಟರು. ಕನ್ನಡಕ ಹಾಕಿಕೊಂಡು ಮೊದಲ ಸಾಲಿನ ಕೆಳಗೆ ಬೆರಳಿಟ್ಟರು. ಮುಕ್ಕಾಲು ತಾಸಿಗೆ ಒಂದು ಪುಟ ಮುಗಿಯಿತು. ‘ಪೂರ್ವಾನ್ವಯ’ ಎಂದರೇನು ಎಂದು ಕೇಳಿದರು, ಹೇಳಿದೆ. ‘ಪರಾಮರ್ಶೆ’ ಕೇಳಿದರು, ಅದನ್ನೂ ಹೇಳಿದೆ. ಎರಡನೇ ಪುಟದ ಅರ್ಧಕ್ಕೆ ನಿಲ್ಲಿಸಿ ಹಾಳೆಗಳನ್ನು ಮಡಚಿ ನನ್ನ ಕೈಗೆ ಕೊಟ್ಟರು.

“ನೀ ಶಾಣ್ಯಾಕಿ ಅದಿ ಮಗಳ. ಆದ್ರ ಇದರಾಗ ಏನೈತಿ ಅನ್ನೂದು ನನಗ ತಿಳೀವಲ್ದು. ತಿಳೀದ್ದಕ್ಕ ನಾ ಇನ್ನ ಸಹಿ ಹಾಕಂಗಿಲ್ಲ.”

“ಕಾಕಾ, ದಿನಾ ಮುಗೀತಾವ್ರಿ. ಈ ತಿಂಗಳಾಗ ಕೊಡಬೇಕು.”

“ಕೊಡ್ತೇನಿ. ನಾನ ಬರದ ಕೊಡ್ತೇನಿ. ನೀ ಹೋಗ.”

ಬಾಗಿಲವರೆಗೆ ಕಳಿಸಲು ಬರಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು. ಇಷ್ಟೆಲ್ಲ ಓಡಾಡಿದ್ದು ಯಾರಿಗಾಗಿ ಎಂದು ಕೇಳಬೇಕೆನ್ನಿಸಿತು. ನನ್ನ ಬ್ಯಾಗಿನಲ್ಲಿ ನನ್ನ ಬಡ್ತಿಯ ಆದೇಶವೂ ಇತ್ತು, ಕೇಳಲಿಲ್ಲ.

ಮುಖ್ಯ ಕಚೇರಿಯಲ್ಲೂ ನನ್ನನ್ನು ಟಪಾಲಿಗೇ ಹಾಕಿದ್ದರು. ಮೂರು ವಾರದ ಮೇಲೆ ಕರೋಶಿಯ ಅಂಚೆ ಮುದ್ರೆಯ ಒಂದು ಕವರು ಬಂತು, ಕುಲಸಚಿವರ ಹೆಸರಿಗೆ. ಒಡೆದೆ. ಗೆರೆ ಹೊಡೆದ ವಹಿಯ ಹಾಳೆ, ಗೆರೆ ದಾಟಿದ ದೊಡ್ಡ ದೊಡ್ಡ ಅಕ್ಷರ, ಅಲ್ಲಲ್ಲಿ ಕನ್ನಡದ ನಡುವೆ ಮರಾಠಿ ಅಕ್ಷರ ನುಸುಳಿ ಕಾಟು ಹಾಕಿದ್ದು. ವಿಷಯವೂ ಇರಲಿಲ್ಲ, ಉಲ್ಲೇಖವೂ ಇರಲಿಲ್ಲ. ಇದ್ದದ್ದು ಇಷ್ಟೇ:

‘ಸಾಹೇಬರೆ, ನಾನು ಬಡತಿ ಬ್ಯಾಡ ಅಂದಿಲ್ಲ. ಬದಲಿ ಬ್ಯಾಡ ಅಂದಿದ್ದೆ. ಮನಿಯಾಗ ಹೆಂಡತಿ ಹಾಸಗಿ ಹಿಡದಿದ್ದಳು. ಈಗ ಮನಿಯಾಗ ಯಾರೂ ಇಲ್ಲ. ನನಗ ಬಡತಿ ಕೊಡರಿ. ಎಲ್ಲಿ ಬದಲಿ ಮಾಡಿದರೂ ಬರತೇನ.’